‘ಸೋಷಿಯಲ್ ಕ್ರೆಡಿಟ್’ ಎಂಬ ಪದದ ಪಾಡು

ಬ್ಯಾಂಕು ಸಾಲಕ್ಕೆ ಮುನ್ನ ಸಿಬಿಲ್ ಅಂಕ ಕೇಳಿದರೆ, ಚಾಲನಾ ಪರವಾನಗಿಗೆ ದಂಡದ ಅಂಕ ಸೇರಿಸುವ ಪ್ರಸ್ತಾಪ ಬಂದರೆ, ಅಪಾರ್ಟ್‌ಮೆಂಟಿನ ಸಂಘವು ನಿರ್ವಹಣಾ ಶುಲ್ಕ ಕಟ್ಟದವರ ಹೆಸರನ್ನು ಲಿಫ್ಟಿನ ಪಕ್ಕದಲ್ಲಿ ಅಂಟಿಸಿದರೆ, ಕೂಡಲೇ ಯಾರಾದರೊಬ್ಬರು ‘ಚೀನಾದ ಸೋಷಿಯಲ್ ಕ್ರೆಡಿಟ್ ನಮ್ಮಲ್ಲಿಗೂ ಬಂತು’ ಎಂದು ಷರಾ ಬರೆಯುತ್ತಾರೆ. ಅವರ ಮನಸ್ಸಿನಲ್ಲಿರುವ ಚಿತ್ರ ಎಲ್ಲರಿಗೂ ಗೊತ್ತಿರುವಂಥದ್ದೇ: ಪ್ರತಿಯೊಬ್ಬ ಚೀನೀಯನಿಗೂ ಬೀಜಿಂಗ್ ಒಂದೊಂದು ಅಂಕ ಕೊಟ್ಟಿದೆ, ಕೆಂಪು ದೀಪವಿರುವಾಗ ರಸ್ತೆ ದಾಟಿದರೆ ಅದು ಇಳಿಯುತ್ತದೆ, ಪಕ್ಷವನ್ನು ಹೊಗಳಿದರೆ ಏರುತ್ತದೆ, ಬೀದಿಯ ಕ್ಯಾಮೆರಾಗಳು ದಿನವಿಡೀ ಅದನ್ನು ಕೂಡಿಸಿ ಕಳೆಯುತ್ತಿರುತ್ತವೆ. ದೇಶದ ಮಟ್ಟದಲ್ಲಿ ಇಂಥ ಅಂಕ ಚೀನಾದಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ. ಇರುವವು ಬೇರೆ ಬೇರೆ ನಾಲ್ಕಾರು ಏರ್ಪಾಡುಗಳು, ಅವುಗಳಲ್ಲಿ ಕೆಲವು ನಿಜಕ್ಕೂ ಅನ್ಯಾಯದವು. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆದದ್ದರಿಂದ ಅನ್ಯಾಯ ಎಲ್ಲಿದೆ ಎಂದು ತೋರಿಸುವುದೇ ಕಷ್ಟವಾಗಿದೆ.

ಚೀನೀ ಭಾಷೆಯಲ್ಲಿ ಇದರ ಹೆಸರು ‘ಷಹ್ವೇ ಶಿನ್‌ಯೋಂಗ್ ತಿಶಿ’. ಷಹ್ವೇ ಎಂದರೆ ಸಮಾಜ, ತಿಶಿ ಎಂದರೆ ವ್ಯವಸ್ಥೆ. ಇವುಗಳ ಬಗ್ಗೆ ತಕರಾರಿಲ್ಲ. ತೊಡಕೆಲ್ಲ ನಡುವಿನ ‘ಶಿನ್‌ಯೋಂಗ್’ನಲ್ಲಿದೆ. ‘ಶಿನ್’ ಎಂಬ ಅಕ್ಷರದ ಎಡಭಾಗ ಮನುಷ್ಯನನ್ನೂ ಬಲಭಾಗ ಮಾತನ್ನೂ ಸೂಚಿಸುತ್ತದೆ. ನಂಬಿಕೆ, ನುಡಿದಂತೆ ನಡೆಯುವ ಗುಣ ಎಂಬುದು ಅದರ ಹಳೆಯ ಅರ್ಥ, ಕಾಗದ ಅಥವಾ ಪತ್ರ ಎಂಬುದು ನಂತರ ಸೇರಿಕೊಂಡ ಅರ್ಥ. ಕನ್ಫ್ಯೂಷಿಯಸ್ ಪರಂಪರೆಯ ಐದು ಸದ್ಗುಣಗಳಲ್ಲಿ ಕೊನೆಯದು ಶಿನ್. ರಾಜ್ಯಕ್ಕೆ ಬೇಕಾದುದೇನು ಎಂದು ಶಿಷ್ಯ ಝಿಗೊಂಗ್ ಕೇಳಿದಾಗ ಕನ್ಫ್ಯೂಷಿಯಸ್ ಅನ್ನ, ಸೈನ್ಯ, ಜನರ ನಂಬಿಕೆ ಎಂಬ ಮೂರನ್ನು ಹೇಳಿ, ಬಿಡಲೇಬೇಕಾಗಿ ಬಂದರೆ ಮೊದಲು ಸೈನ್ಯವನ್ನೂ ಆಮೇಲೆ ಅನ್ನವನ್ನೂ ಬಿಡು, ನಂಬಿಕೆಯಿಲ್ಲದೆ ರಾಜ್ಯ ನಿಲ್ಲದು ಎಂದನಂತೆ. ಆ ನಂಬಿಕೆಯೂ ಶಿನ್ ಎಂಬ ಅಕ್ಷರವೇ. ಅದಕ್ಕೆ ಬಳಕೆ ಎಂಬರ್ಥದ ‘ಯೋಂಗ್’ ಸೇರಿ ಆದದ್ದು ಶಿನ್‌ಯೋಂಗ್. ಇಂದಿನ ಚೀನೀ ಮಾತಿನಲ್ಲಿ ‘ಶಿನ್‌ಯೋಂಗ್ ಕಾ’ ಎಂದರೆ ಕ್ರೆಡಿಟ್ ಕಾರ್ಡು, ‘ಜ್ಯಾಂಗ್ ಶಿನ್‌ಯೋಂಗ್’ ಎಂದರೆ ಕೊಟ್ಟ ಮಾತಿಗೆ ತಪ್ಪದಿರುವುದು. ಬ್ಯಾಂಕಿನ ಅರ್ಥವೂ ನಡತೆಯ ಅರ್ಥವೂ ಒಂದೇ ಪದದಲ್ಲಿ ಕೂಡಿಕೊಂಡಿವೆ.

ಇಂಗ್ಲಿಷಿನ ಕ್ರೆಡಿಟ್ ಕೂಡ ನಂಬು ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೇ ಬಂದಿದ್ದರೂ, ಇಂದು ಆ ಪದ ಕೇಳಿದವರಿಗೆ ಮೊದಲು ನೆನಪಾಗುವುದು ಸಾಲಕ್ಕೆ ಸಂಬಂಧಿಸಿದ ಅಂಕ. ಗೊಂದಲದ ಅರ್ಧ ಭಾಗ ಹುಟ್ಟಿದ್ದು ಇಲ್ಲಿಯೇ. ಕನ್ನಡಕ್ಕೆ ಈ ಗೊಂದಲವನ್ನು ಆಮದು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ನಮ್ಮಲ್ಲಿ ‘ಪತ್ತು’ ಎಂಬ ಪದವಿದೆ. ಒಬ್ಬನಿಗೆ ಸಾಲ ಹುಟ್ಟುವಷ್ಟು ಜನರ ನಂಬಿಕೆ ಇದೆ ಎಂಬುದೇ ಅದರ ತಿರುಳು. ಮರಾಠಿಯವರ ಪತಸಂಸ್ಥೆಯಲ್ಲಿರುವುದೂ ಇದೇ ಪದ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಕಾಲದಿಂದ ಇಂದಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳವರೆಗೆ ನಮ್ಮ ಹಳ್ಳಿಗಳಿಗೆ ಪರಿಚಿತವಾದ ಸಂಗತಿಯಿದು. ಶಿನ್‌ಯೋಂಗ್‌ಗೆ ಇಷ್ಟು ಹತ್ತಿರದ ಪದ ಕೈಯಲ್ಲಿರುವಾಗ ‘ಸಾಮಾಜಿಕ ಸಾಲ ವ್ಯವಸ್ಥೆ’ ಎಂದು ಬರೆಯುವ ಅನುವಾದಕರ ಅವಸರ ದೊಡ್ಡದೋ ಅನುವಾದ ಯಂತ್ರದ ಮೇಲಿನ ಭರವಸೆ ದೊಡ್ಡದೋ ಹೇಳಲಾರೆ.

ಚೀನಾದ ಸರ್ಕಾರಕ್ಕೆ ಪತ್ತಿನ ಚಿಂತೆ ಹತ್ತಿದ್ದು ಮಾರುಕಟ್ಟೆಯ ಕಾರಣದಿಂದ. 1990ರ ದಶಕದಲ್ಲಿ ಒಂದು ಕಾರ್ಖಾನೆ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಬಾಕಿ ಉಳಿಸಿಕೊಂಡು ಯಾರೂ ಯಾರಿಗೂ ಕೊಡದ ‘ತ್ರಿಕೋನ ಸಾಲ’ಗಳು ಬೆಳೆದಿದ್ದವು, ನಕಲಿ ಸರಕು ಎಲ್ಲೆಡೆಯಿತ್ತು. 2002ರ ಪಕ್ಷದ ಮಹಾಧಿವೇಶನದ ವರದಿಯಲ್ಲಿ ಈ ಪದಗುಚ್ಛ ಕಾಣಿಸಿಕೊಂಡದ್ದು ಮಾರುಕಟ್ಟೆಯ ಆರ್ಥಿಕತೆಯ ಮಾತಿನ ನಡುವೆ. 2008ರಲ್ಲಿ ಸಾನ್‌ಲು ಕಂಪನಿಯ ಮೆಲಮೀನ್ ಎಂಬ ರಾಸಾಯನಿಕ ಬೆರೆತ ಹಾಲಿನ ಪುಡಿಯಿಂದ ಹಸುಗೂಸುಗಳು ಸತ್ತು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದ ಮೇಲೆ, ಅಂಗಡಿಯಲ್ಲಿ ಕೊಂಡದ್ದನ್ನು ನಂಬಬಹುದೇ ಎಂಬುದು ಪ್ರತಿ ಮನೆಯ ಪ್ರಶ್ನೆಯಾಯಿತು. 2014ರ ಜೂನ್‌ನಲ್ಲಿ ಹೊರಬಿದ್ದ ಈ ವ್ಯವಸ್ಥೆಯ ಯೋಜನಾ ರೂಪುರೇಷೆಯು ಸರ್ಕಾರಿ ಕಚೇರಿ, ವ್ಯಾಪಾರ, ಸಮಾಜ, ನ್ಯಾಯಾಲಯ ಎಂಬ ನಾಲ್ಕೂ ಕಡೆ ನಂಬಿಕೆಯನ್ನು ಕಟ್ಟಬೇಕೆಂದಿತು. ಹೊರಗಿನ ಪತ್ರಿಕೆಗಳು ಅದರಲ್ಲಿ ‘ಸಮಾಜ’ ಎಂಬ ಒಂದನ್ನೇ ಹಿಡಿದುಕೊಂಡವು.

ಅಂಕದ ಕಲ್ಪನೆಗೆ ಆಧಾರ ಒದಗಿಸಿದ್ದು 2015ರ ಜನವರಿಯಲ್ಲಿ ಅಲಿಬಾಬಾ ಬಳಗದ ಹಣಕಾಸು ಕಂಪನಿ ಶುರುಮಾಡಿದ ‘ಝಿಮಾ ಶಿನ್‌ಯೋಂಗ್’. ಝಿಮಾ ಎಂದರೆ ಎಳ್ಳು. ಗುಹೆಯ ಬಾಗಿಲು ತೆರೆಸುವ ‘ಓಪನ್ ಸೆಸೆಮಿ’ (ಎಳ್ಳೇ, ತೆರೆ) ಮಂತ್ರ ಬಲ್ಲವರಿಗೆ ಅಲಿಬಾಬನಿಗೂ ಎಳ್ಳಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. 350ರಿಂದ 950ರವರೆಗಿನ ಈ ಅಂಕ ಬೇಕಾದವರು ಸೇರಿಕೊಳ್ಳುವ ಖಾಸಗಿ ಏರ್ಪಾಡು, ಅದು ಚೆನ್ನಾಗಿದ್ದರೆ ಬಾಡಿಗೆ ಸೈಕಲ್ಲಿಗೋ ಪವರ್ ಬ್ಯಾಂಕಿಗೋ ಠೇವಣಿ ಕೊಡಬೇಕಾಗಿಲ್ಲ. ನಮ್ಮ ಸಿಬಿಲ್‌ಗೆ ಸಾಟಿಯಾದದ್ದು ಇದೂ ಅಲ್ಲ. ಬ್ಯಾಂಕುಗಳು ನೋಡುವುದು ಚೀನಾದ ಕೇಂದ್ರೀಯ ಬ್ಯಾಂಕಿನ ಸಾಲ ಚರಿತ್ರೆಯನ್ನು, ಅದಕ್ಕೆ ‘ಝೆಂಗ್‌ಶಿನ್’ ಎಂದು ಬೇರೆಯೇ ಹೆಸರಿದೆ.

ಊರಿನ ಮಟ್ಟದಲ್ಲಿ ಅಂಕಗಳು ಇದ್ದದ್ದು ನಿಜ. ಜಿಯಾಂಗ್‌ಸು ಪ್ರಾಂತದ ಸುಯ್‌ನಿಂಗ್ ಕೌಂಟಿ 2010ರಲ್ಲಿ ನಿವಾಸಿಗಳಿಗೆ ಅಂಕ ಹಂಚಲು ಹೋಗಿ, ಜಪಾನೀ ಆಕ್ರಮಣದ ಕಾಲದಲ್ಲಿ ಆಕ್ರಮಣಕಾರರು ವಿಧೇಯರಿಗೆ ಕೊಡುತ್ತಿದ್ದ ‘ಸಜ್ಜನ ಪ್ರಮಾಣಪತ್ರ’ ಮರಳಿ ಬಂದಿತೇ ಎಂದು ಚೀನಾದ ಪತ್ರಿಕೆಗಳಿಂದಲೇ ಬೈಸಿಕೊಂಡಿತು. ಶಾನ್‌ಡೊಂಗ್‌ನ ರೊಂಗ್‌ಚೆಂಗ್ ಪ್ರತಿಯೊಬ್ಬರಿಗೂ 1000 ಅಂಕಗಳಿಂದ ಲೆಕ್ಕ ಶುರುಮಾಡಿ ವಿದೇಶಿ ವರದಿಗಾರರ ತೀರ್ಥಕ್ಷೇತ್ರವಾಯಿತು. 2020ರ ಸೆಪ್ಟೆಂಬರಿನಲ್ಲಿ ಸುಝೌ ನಗರ ತಂದ, ನಡತೆಗೆ ಅಂಕ ಕೊಡುವ ‘ಸಭ್ಯತೆಯ ಕೋಡ್’ ಜನರ ಆಕ್ರೋಶಕ್ಕೆ ಸಿಕ್ಕಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಒಂದೂರಿನ ಅಂಕ ಪಕ್ಕದೂರಿನಲ್ಲಿ ನಡೆಯುತ್ತಿರಲಿಲ್ಲ.

ಹಾಗಾದರೆ ಕೋಟಿಗಟ್ಟಲೆ ಜನರಿಗೆ ವಿಮಾನದ ಟಿಕೆಟ್ ಸಿಗದಂತಾದದ್ದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ, ಆದರೆ ಓದಿಕೊಂಡ ರೀತಿ ತಪ್ಪು. 2018ರ ಕೊನೆಯ ವೇಳೆಗೆ ವಿಮಾನದ ಟಿಕೆಟ್ ನಿರಾಕರಣೆ 1 ಕೋಟಿ 74 ಲಕ್ಷ ಸಲ, ವೇಗದ ರೈಲಿನ ಟಿಕೆಟ್ ನಿರಾಕರಣೆ 54 ಲಕ್ಷ ಸಲ ನಡೆದಿತ್ತೆಂದು ಅಧಿಕೃತ ವರದಿಯೇ ಹೇಳಿತು. ಅದು ನಿರಾಕರಣೆಗಳ ಎಣಿಕೆ, ಜನರ ಎಣಿಕೆಯಲ್ಲ; ಒಬ್ಬನೇ ಹತ್ತು ಸಲ ಪ್ರಯತ್ನಿಸಿದರೆ ಹತ್ತು. ಅದರ ಹಿಂದೆ ಬಹುಪಾಲು ಇದ್ದದ್ದು ಸರ್ವೋಚ್ಚ ಜನತಾ ನ್ಯಾಯಾಲಯವು 2013ರಿಂದ ಪ್ರಕಟಿಸುತ್ತಿರುವ ಪಟ್ಟಿ: ತೀರ್ಪು ಬಂದ ಮೇಲೂ, ಕೊಡುವ ಶಕ್ತಿಯಿದ್ದೂ ಕೊಡದವರ ಹೆಸರುಗಳು. ಬೀದಿಯ ಮಾತಿನಲ್ಲಿ ಇಂಥವನಿಗೆ ‘ಲಾವ್‌ಲಾಯ್’ ಎನ್ನುತ್ತಾರೆ. ಲಾಯ್ ಎಂದರೆ ಪಡೆದದ್ದನ್ನು ಇಲ್ಲವೆಂದು ಸಾಧಿಸುವುದು, ಲಾವ್ ಎಂದರೆ ಅದರಲ್ಲಿ ಪಳಗಿದವನು. ನಮ್ಮ ಬ್ಯಾಂಕುಗಳ ‘ಉದ್ದೇಶಪೂರ್ವಕ ಸುಸ್ತಿದಾರ’ ಎಂಬುದಕ್ಕಿಂತ ‘ಪಂಗನಾಮ ಹಾಕುವವನು’ ಎಂಬುದೇ ಇದಕ್ಕೆ ಹತ್ತಿರ. ಪಟ್ಟಿಗೆ ಸೇರಿದವನು ವಿಮಾನ ಹತ್ತುವಂತಿಲ್ಲ, ‘ಜಿ’ ಅಕ್ಷರದಿಂದ ಶುರುವಾಗುವ ಅತಿವೇಗದ ರೈಲಿನಲ್ಲಿ ಕೂರುವಂತಿಲ್ಲ, ತಾರಾ ಹೋಟೆಲು, ಗಾಲ್ಫ್ ಮೈದಾನಗಳಲ್ಲಿ ಖರ್ಚು ಮಾಡುವಂತಿಲ್ಲ, ಮಕ್ಕಳನ್ನು ದುಬಾರಿ ಖಾಸಗಿ ಶಾಲೆಗೆ ಕಳಿಸುವಂತಿಲ್ಲ. ಕೆಲವು ಊರುಗಳಲ್ಲಿ ಅವನ ಫೋನಿಗೆ ಕರೆ ಮಾಡಿದವರಿಗೆ, ನೀವು ಕರೆ ಮಾಡುತ್ತಿರುವವರು ನ್ಯಾಯಾಲಯದ ಬಾಕಿದಾರರು ಎಂಬ ಧ್ವನಿ ಕೇಳಿಸುವ ಏರ್ಪಾಡೂ ನಡೆಯಿತು.

ಈ ಶಿಕ್ಷೆಗೆ ಅಲ್ಲಿನ ಜನಸಾಮಾನ್ಯರಲ್ಲಿ ಬೆಂಬಲ ಕಡಿಮೆಯೇನಿಲ್ಲ, ಏಕೆ ಎಂಬುದನ್ನು ತಿಳಿಯಲು ಓಫೋ ಸೈಕಲ್ ಕಂಪನಿಯ ಕಥೆ ಸಾಕು. 99 ಅಥವಾ 199 ಯುವಾನ್ ಠೇವಣಿ ಪಡೆದು ಹಳದಿ ಸೈಕಲ್ಲುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಕಂಪನಿ 2018ರ ಕೊನೆಯಲ್ಲಿ ಮುಗ್ಗರಿಸಿದಾಗ, ಠೇವಣಿ ವಾಪಸು ಕೇಳಿದವರ ಆನ್‌ಲೈನ್ ಸರದಿ 1 ಕೋಟಿ ದಾಟಿತು, ಬೀಜಿಂಗಿನ ಕಚೇರಿಯ ಮುಂದೆ ಚಳಿಯಲ್ಲಿ ಜನ ಸಾಲುಗಟ್ಟಿ ನಿಂತರು, ಸಂಸ್ಥಾಪಕ ದಾಯ್ ವೇಯ್ ಮೇಲೆ ನ್ಯಾಯಾಲಯ ದುಬಾರಿ ಖರ್ಚಿನ ನಿರ್ಬಂಧ ಹೇರಿತು. ಫೋನ್ ತಯಾರಕ ಲುವೊ ಯೊಂಗ್‌ಹಾವ್ 2019ರಲ್ಲಿ ಇದೇ ನಿರ್ಬಂಧಕ್ಕೆ ಸಿಕ್ಕಿ, ಮರುವರ್ಷ ನೇರಪ್ರಸಾರದಲ್ಲಿ ಸರಕು ಮಾರುತ್ತಾ ಸಾಲ ತೀರಿಸಲು ಕೂತದ್ದು ದೇಶಕ್ಕೆಲ್ಲ ಮನರಂಜನೆಯಾಯಿತು. ದುಡ್ಡು ಮುಳುಗಿಸಿಕೊಂಡವನು ದುಡ್ಡು ಮುಳುಗಿಸಿದವನ ಮೇಲಿನ ನಿರ್ಬಂಧಕ್ಕೆ ಕಣ್ಣೀರು ಹಾಕುವುದಿಲ್ಲ.

ಆದರೆ ಇದೇ ಪಟ್ಟಿಗೆ ಭ್ರಷ್ಟಾಚಾರದ ವರದಿಗಳಿಗೆ ಹೆಸರಾದ ಪತ್ರಕರ್ತ ಲಿಯು ಹು ಕೂಡ ಸೇರಿದರು. ಮಾನನಷ್ಟ ಮೊಕದ್ದಮೆಯೊಂದರಲ್ಲಿ ಸೋತ ಅವರು ತೀರ್ಪನ್ನು ಸರಿಯಾಗಿ ಪಾಲಿಸಲಿಲ್ಲವೆಂಬುದು ಕಾರಣ. ಪಟ್ಟಿಯಲ್ಲಿರುವುದು ಅವರಿಗೆ ತಿಳಿದದ್ದು ವಿಮಾನದ ಟಿಕೆಟ್ ಸಿಗದೆ ಹೋದಾಗ. ಆಕ್ಷೇಪಿಸಬೇಕಾದದ್ದು ಇಲ್ಲಿ: ಮುನ್ಸೂಚನೆಯಿಲ್ಲದ ಸೇರ್ಪಡೆ, ಹೆಸರು ತೆಗೆಸುವ ಕಷ್ಟದ ದಾರಿ, ಸ್ವತಂತ್ರವಲ್ಲದ ನ್ಯಾಯಾಲಯ. ಇದ್ಯಾವುದಕ್ಕೂ ಅಂಕದ ಅಗತ್ಯವಿಲ್ಲ. ಇನ್ನೂ ಕೆಟ್ಟ ಉದಾಹರಣೆ 2022ರ ಜೂನ್‌ನದು. ಹೆನಾನ್ ಪ್ರಾಂತದ ಗ್ರಾಮೀಣ ಬ್ಯಾಂಕುಗಳಲ್ಲಿ ಹಣ ಸಿಕ್ಕಿಹಾಕಿಕೊಂಡವರು ಪ್ರತಿಭಟಿಸಲು ಝೆಂಗ್‌ಝೌಗೆ ಹೊರಟಾಗ, 1,317 ಠೇವಣಿದಾರರ ಫೋನಿನಲ್ಲಿ ಕೋವಿಡ್ ಕಾಲದ ಆರೋಗ್ಯ ಕೋಡ್ ಕೆಂಪಾಯಿತು. ಕೆಂಪು ಕೋಡ್ ಇದ್ದವರು ಓಡಾಡುವಂತಿರಲಿಲ್ಲ. ಕೆಲವು ಅಧಿಕಾರಿಗಳಿಗೆ ಶಿಕ್ಷೆಯಾಯಿತು. ಇದನ್ನೂ ‘ಸೋಷಿಯಲ್ ಕ್ರೆಡಿಟ್’ ಎಂದೇ ಬರೆದವರಿದ್ದಾರೆ. ಅಲ್ಲ, ಇದು ಸಾಂಕ್ರಾಮಿಕ ರೋಗದ ನೆಪದಲ್ಲಿ ಕಟ್ಟಿದ ಸಾಧನವನ್ನು ಪೊಲೀಸು ಕೆಲಸಕ್ಕೆ ತಿರುಗಿಸಿದ್ದು, ಹಾಗೆಂದೇ ಹೇಳಬೇಕು.

2020ರ ಡಿಸೆಂಬರಿನಲ್ಲಿ ಬೀಜಿಂಗೇ, ಕಾನೂನಿನ ಆಧಾರವಿಲ್ಲದೆ ಊರೂರಿನ ಅಧಿಕಾರಿಗಳು ಮನಬಂದದ್ದನ್ನೆಲ್ಲ ಪಟ್ಟಿಗೆ ಸೇರಿಸಬಾರದೆಂದು ಸೂಚನೆ ಕೊಟ್ಟಿತು. 2022ರ ನವೆಂಬರಿನಲ್ಲಿ ಈ ವ್ಯವಸ್ಥೆಯ ಕಾನೂನಿನ ಕರಡು ಬಂತು, 2025ರ ಮಾರ್ಚಿನಲ್ಲಿ 23 ಕ್ರಮಗಳ ದಾಖಲೆ ಬಂತು. ಎರಡನ್ನೂ ಓದಿದರೆ ತೂಕಡಿಕೆ ಬರುತ್ತದೆ, ಏಕೆಂದರೆ ಬಹುಭಾಗ ಕಂಪನಿಗಳ ದಾಖಲೆ, ಪರವಾನಗಿ, ಕಚೇರಿಗಳ ನಡುವಿನ ಮಾಹಿತಿ ವಿನಿಮಯದ್ದು.

ಚೀನಾದಲ್ಲಿ ದಿನನಿತ್ಯ ಕಣ್ಣಿಗೆ ಬೀಳುವ ‘ಷಹ್ವೇ ಶಿನ್‌ಯೋಂಗ್’ ಎಂದರೆ 2015ರ ಅಕ್ಟೋಬರಿನಿಂದ ವ್ಯಾಪಾರ ಪರವಾನಗಿಗಳ ಮೇಲೆ ಮುದ್ರಿಸುತ್ತಿರುವ, 18 ಅಂಕಿ ಅಕ್ಷರಗಳ ‘ಏಕೀಕೃತ ಸಾಮಾಜಿಕ ಪತ್ತಿನ ಸಂಖ್ಯೆ’. ಯಿವು ಮಾರುಕಟ್ಟೆಯಿಂದಲೋ ಗ್ವಾಂಗ್‌ಝೌನಿಂದಲೋ ಸರಕು ತರಿಸುವ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಈ ಪದದಿಂದ ಏನಾದರೂ ಪ್ರಯೋಜನವಿದ್ದರೆ ಅದು ಇಲ್ಲಿದೆ. ಸಂಖ್ಯೆ 91ರಿಂದ ಶುರುವಾದರೆ ಅದು ಕಂಪನಿ, 92ರಿಂದ ಶುರುವಾದರೆ ಒಬ್ಬ ವ್ಯಕ್ತಿ ಅಥವಾ ಕುಟುಂಬ ನಡೆಸುವ ವ್ಯಾಪಾರ; ಮುಂದಿನ ಆರು ಅಂಕಿಗಳು ನೋಂದಣಿಯ ಊರನ್ನು ಹೇಳುತ್ತವೆ, ಯಿವುವಿನದು 330782. ಸ್ವಂತ ಕಂಪನಿ, ಸ್ವಂತ ಕಾರ್ಖಾನೆ ಎಂದು ಹೇಳಿಕೊಳ್ಳುವವನ ಪರವಾನಗಿಯಲ್ಲಿ 92 ಕಂಡರೆ, ಮುಂಗಡ ಕಳಿಸುವ ಮೊದಲು ಚೀನಾ ಸರ್ಕಾರದ ಉದ್ಯಮ ಮಾಹಿತಿ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡುವುದು ಒಳ್ಳೆಯದು.