ಅಮೈಲಾಯ್ಡ್ ತಯಾರಾಗುವುದನ್ನೇ ನಿಲ್ಲಿಸಿಬಿಟ್ಟರೆ ಆಗಲ್ವಾ?

ಪ್ರಶ್ನೆ: ಅಲ್ಜೈಮರ್ ಬಂದವರ ಮೆದುಳಿನಲ್ಲಿ ಅಮೈಲಾಯ್ಡ್ ಕಟ್ಟಿಕೊಳ್ಳುತ್ತದಲ್ಲ, ಅದು ನಮ್ಮ ನರಕೋಶಗಳಿಂದಲೇ ಬರುತ್ತದಂತೆ. ನಿಜವಾ? ಹಾಗಾದರೆ ಅದನ್ನು ಮೂಲದಲ್ಲೇ ನಿಲ್ಲಿಸಿದರೆ ಆಯ್ತಲ್ವಾ?

ನಿಜ. ಆದರೆ ನರಕೋಶ ಮೊದಲು ತಯಾರಿಸುವುದು ಎಪಿಪಿ ಎಂಬ ದೊಡ್ಡ ಪ್ರೋಟೀನನ್ನು. ಅಮೈಲಾಯ್ಡ್ ಅದರಿಂದ ಕತ್ತರಿಸಿ ಬಿದ್ದ ಚೂರು.

ಎಪಿಪಿ ಮೈಯ ಹೆಚ್ಚುಕಮ್ಮಿ ಎಲ್ಲ ಕಡೆಯೂ ಇದೆ. ಬೇರೆ ಕೋಶಗಳಲ್ಲಿ ಸಾಮಾನ್ಯವಾಗಿ 751 ಇಲ್ಲವೇ 770 ಅಮೈನೋ ಆಮ್ಲಗಳಷ್ಟು ಉದ್ದ, ನರಕೋಶದಲ್ಲಿ ಮುಖ್ಯವಾಗಿ 695. ಜೀನ್ ಒಂದೇ, ಅದರ ಸಂದೇಶವನ್ನು ಕೋಶ ಕತ್ತರಿಸಿ ಜೋಡಿಸುವ ರೀತಿ ಬೇರೆ. ಕೋಶದ ಒಡಲಿನಲ್ಲಿ ತಯಾರಾಗಿ, ಆಕ್ಸಾನ್ ಎಂಬ ಸಪೂರ ಎಳೆಯಲ್ಲಿ ಸದಾ ಸಾಗುತ್ತಿರುತ್ತದೆ. ತಲೆಗೆ ಜೋರು ಪೆಟ್ಟು ಬಿದ್ದು ಎಳೆ ಹಾಳಾದರೆ ಎಪಿಪಿ ಅಲ್ಲೇ ಟ್ರಾಫಿಕ್ ಜಾಮ್ ಆದಂತೆ ಗುಡ್ಡೆಯಾಗುತ್ತದೆ. ಎರಡು ಮೂರು ಗಂಟೆ ಸಾಕು. ಪೋಸ್ಟ್‌ಮಾರ್ಟಮ್‌ನಲ್ಲಿ ಮೆದುಳಿನ ತೆಳು ಪದರಕ್ಕೆ ಎಪಿಪಿ ಹಿಡಿಯುವ ಬಣ್ಣ ಹಾಕಿ ನೋಡಿದರೆ ಮೈಕ್ರೋಸ್ಕೋಪಿನಲ್ಲಿ ಕಂದು ಗುಂಡುಗಳು ಕಾಣುತ್ತವೆ. ಅಲ್ಜೈಮರ್ ಇಲ್ಲದವರಲ್ಲೂ!

ತೊಂದರೆ ಶುರುವಾಗುವುದು ಕತ್ತರಿ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ. ಆಲ್ಫಾ ಎಂಬ ಕತ್ತರಿ (ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ) ಅಮೈಲಾಯ್ಡ್ ಭಾಗದ ನಡುವೆಯೇ ಕತ್ತರಿಸುತ್ತದೆ, ಅಲ್ಲಿಗೆ ಅಪಾಯ ಕಳೆಯಿತು. ಬೀಟಾ, ಆಮೇಲೆ ಗ್ಯಾಮಾ ಕತ್ತರಿಸಿದರೆ ಅಮೈಲಾಯ್ಡ್ ಇಡಿಯಾಗಿ ಹೊರಗೆ ಬರುತ್ತದೆ. ಅದರಲ್ಲೂ 42 ಅಮೈನೋ ಆಮ್ಲಗಳ ಚೂರು ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಇದು ದಿನಾ ನನ್ನಲ್ಲೂ ನಿಮ್ಮಲ್ಲೂ ನಡೆಯುತ್ತಿದೆ. ಮೆದುಳು ತೊಳೆದು ಹಾಕುತ್ತಿರುತ್ತದೆ.

ಹಾಗಾದರೆ ಎಪಿಪಿ ಜಾಸ್ತಿಯಾದರೆ? ಅದರ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಿಗೆ ಆ ಕ್ರೋಮೋಸೋಮ್ ಮೂರು. 40ರ ಹೊತ್ತಿಗೆ ಅವರಲ್ಲಿ ಹೆಚ್ಚುಕಮ್ಮಿ ಎಲ್ಲರ ಮೆದುಳಿನಲ್ಲೂ ಅಮೈಲಾಯ್ಡ್ ಇರುತ್ತದೆ. ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸುವುದು 1998ರಲ್ಲಿ ವರದಿಯಾದ ಒಬ್ಬ ಮಹಿಳೆಯ ಕಥೆ. ಡೌನ್ ಸಿಂಡ್ರೋಮ್ ಇತ್ತು, ಆದರೆ 21ನೇ ಕ್ರೋಮೋಸೋಮಿನ ಮೂರನೆಯ ಪ್ರತಿಯಲ್ಲಿ ಒಂದು ತುಂಡಷ್ಟೇ ಬಂದಿತ್ತು, ಅದರಲ್ಲಿ ಎಪಿಪಿ ಜೀನ್ ಇರಲಿಲ್ಲ. 78ರವರೆಗೆ ಬದುಕಿದರು, ಅಲ್ಜೈಮರ್ ಬರಲಿಲ್ಲ.

2012ರಲ್ಲಿ ಐಸ್‌ಲ್ಯಾಂಡಿನಲ್ಲಿ ಇನ್ನೊಂದು ಸುದ್ದಿ. ಕೆಲವರ ಎಪಿಪಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಪ್ರಯೋಗಾಲಯದ ಕೋಶಗಳಲ್ಲಿ ನೋಡಿದರೆ, ಆ ಬದಲಾವಣೆಯಿಂದ ಬೀಟಾ ಕತ್ತರಿ ಸರಿಯಾಗಿ ಕೂರದೆ ಅಮೈಲಾಯ್ಡ್ ಸುಮಾರು ಶೇ. 40ರಷ್ಟು ಕಡಿಮೆಯಾಗುತ್ತಿತ್ತು. ಅಂಥವರಿಗೆ ಅಲ್ಜೈಮರ್ ಬರುವುದೂ ಅಪರೂಪ.

ನಿಮ್ಮ ಪ್ರಶ್ನೆಯನ್ನೇ ಔಷಧಿ ಕಂಪನಿಗಳೂ ಕೇಳಿಕೊಂಡವು. ಬೀಟಾ ಕತ್ತರಿಯನ್ನು ತಡೆಯುವ ವೆರುಬಿಸೆಸ್ಟಾಟ್ ಎಂಬ ಮಾತ್ರೆ ಅಮೈಲಾಯ್ಡನ್ನೇನೋ ಇಳಿಸಿತು, ನೆನಪಿನ ಶಕ್ತಿ ಸುಧಾರಿಸಲಿಲ್ಲ. ರೋಗದ ಆರಂಭದಲ್ಲಿದ್ದವರಲ್ಲಿ ಕೆಲವು ಪರೀಕ್ಷೆಗಳ ಅಂಕ ಔಷಧಿಯಿಲ್ಲದ ಖಾಲಿ ಮಾತ್ರೆ ತಗೊಂಡವರಿಗಿಂತ ಕೆಟ್ಟಿತು. 2018ರ ಹೊತ್ತಿಗೆ ಎರಡೂ ದೊಡ್ಡ ಪ್ರಯೋಗಗಳು ನಿಂತವು. ಆ ಕತ್ತರಿಗೆ ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕೆಲಸವೂ ಇದೆ ನೋಡಿ. ಇನ್ನು ಎಪಿಪಿಯನ್ನೇ ತೆಗೆದುಬಿಟ್ಟರೆ? ಅದಿಲ್ಲದೆ ಹುಟ್ಟಿಸಿದ ಇಲಿಗಳು ಬದುಕುತ್ತವೆ, ಆದರೆ ಸಣ್ಣಗಿರುತ್ತವೆ, ಕಾಲಿನ ಹಿಡಿತ ಸಡಿಲ.

2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲೆಕಾನೆಮ್ಯಾಬ್ ಎಂಬ ಔಷಧಿ ಎಪಿಪಿಯ ತಂಟೆಗೇ ಹೋಗುವುದಿಲ್ಲ. ಕಟ್ಟಿಕೊಂಡ ಅಮೈಲಾಯ್ಡನ್ನು ತೆಗೆಯುತ್ತದೆ. ರೋಗದ ಓಟ ಸ್ವಲ್ಪ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮೆದುಳಿನಲ್ಲಿ ಊತವೋ ರಕ್ತಸ್ರಾವವೋ ಆಗಬಹುದು, ಹಾಗಾಗಿ ಆಗಾಗ ಎಂಆರ್‌ಐ ಮಾಡಿಸಲೇಬೇಕು.