ಟೈಟನ್‌ನ ಗಾಳಿ ಎಷ್ಟು ತೂಗುತ್ತದೆ?

ರಾಯಚೂರಿನಲ್ಲಿ ಏಪ್ರಿಲ್ ಬಂತಂದ್ರೆ ಪಂಕ್ಚರ್ ಅಂಗಡಿಯಲ್ಲಿ ಒಂದು ಮಾತು ಕೇಳುತ್ತದೆ: "ಗಾಳಿ ಫುಲ್ ಹಾಕಿಸ್ಬ್ಯಾಡ್ರಿ, ಬಿಸಿಲಿಗೆ ಟ್ಯೂಬ್ ಒಡೀತದ." ಒಳಗಿನ ಗಾಳಿ ಕಾಯುತ್ತದೆ, ಹಿಗ್ಗಲು ಜಾಗವಿಲ್ಲ, ಒತ್ತಡ ಏರುತ್ತದೆ. ಪಿಯುಸಿಯ ಆದರ್ಶ ಅನಿಲ ನಿಯಮ ಅಂದ್ರೆ ಇದೇ. ಶನಿಯ ದೊಡ್ಡ ಚಂದ್ರ ಟೈಟನ್‌ನ ಗಾಳಿ ಎಷ್ಟು ದಟ್ಟ ಅಂತ ತಿಳಿಯಲೂ ಇಷ್ಟು ಸಾಕು. ಒತ್ತಡವನ್ನು ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ) ಅನಿಲದ ತೂಕದಿಂದ ಗುಣಿಸಿ, ಬಂದದ್ದನ್ನು ಅನಿಲ ಸ್ಥಿರಾಂಕ 8.314ರಿಂದಲೂ ಕೆಲ್ವಿನ್ ಉಷ್ಣಾಂಶದಿಂದಲೂ ಭಾಗಿಸಿದರೆ ಆಯಿತು. ಆದರೆ ಒತ್ತಡ ಎಷ್ಟು, ಉಷ್ಣಾಂಶ ಎಷ್ಟು, ಅನಿಲ ಯಾವುದು?

ಖಗೋಳವಿಜ್ಞಾನಿ ಹ್ಯೂಗೆನ್ಸ್ ಟೈಟನ್ನನ್ನು ಕಂಡಿದ್ದು 1655ರಲ್ಲಿ. ಅನಿಲದ ಒತ್ತಡಕ್ಕೂ ಗಾತ್ರಕ್ಕೂ ಇರುವ ನಂಟಿನ ನಿಯಮವನ್ನು ಬಾಯ್ಲ್ ಪ್ರಕಟಿಸಿದ್ದು 1662ರಲ್ಲಿ. ಎರಡರ ನಡುವೆ ಏಳೇ ವರ್ಷ, ಆದರೂ ಇವೆರಡೂ ಕೂಡಲು ಮೂರು ಶತಮಾನ ಬೇಕಾಯಿತು. 1944ರಲ್ಲಿ ಖಗೋಳವಿಜ್ಞಾನಿ ಕೈಪರ್ ಟೈಟನ್‌ನ ಬೆಳಕಿನಲ್ಲಿ ಮೀಥೇನ್ ಗುರುತಿಸಿದರು. ಅಲ್ಲಿ ಗಾಳಿ ಇದೆ ಅನ್ನುವುದು ಖಚಿತವಾಯಿತು. ಬರೀ ಮೀಥೇನೇನಾ? ಒಂದು ಮೋಲ್‌ನ ತೂಕ ಮೀಥೇನ್‌ಗೆ 16 ಗ್ರಾಂ, ನೈಟ್ರೋಜನ್‌ಗೆ 28. ಅನಿಲ ತಪ್ಪಿದರೆ ಉತ್ತರ ಸುಮಾರು ಅರ್ಧಕ್ಕೆ ಇಳಿಯುತ್ತದೆ! ನೈಟ್ರೋಜನ್ ಅಂತೂ ಇಲ್ಲಿಂದ ನೋಡಿದರೆ ಸುಳಿವೇ ಕೊಡುವುದಿಲ್ಲ.

1980ರ ನವೆಂಬರ್‌ನಲ್ಲಿ ನಾಸಾದ ನೌಕೆ ವಾಯೇಜರ್ 1 ಟೈಟನ್‌ನ ಹಿಂಬದಿಗೆ ಹಾದುಹೋಯಿತು. ಅದರ ರೇಡಿಯೋ ಅಲೆಗಳು ಅಲ್ಲಿನ ಗಾಳಿಯಲ್ಲಿ ಬಾಗಿ ಭೂಮಿಗೆ ಬಂದವು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದು: ಆ ಬಾಗುವಿಕೆಯಿಂದ ಉಷ್ಣಾಂಶ ಬೇರೆ, ಅಣುತೂಕ ಬೇರೆ ಅಂತ ಸಿಗುವುದಿಲ್ಲ, ಎರಡರ ಅನುಪಾತ ಮಾತ್ರ ಸಿಗುತ್ತದೆ. ಅದೇ ನೌಕೆಯ ಅತಿನೇರಳೆ ಉಪಕರಣ ನೈಟ್ರೋಜನ್ ಹಿಡಿದುಕೊಟ್ಟಿತು. ಅನಿಲ ಗೊತ್ತಾದ ಮೇಲೆ ಅಣುತೂಕ ಗೊತ್ತಾಯಿತು, ಅದರಿಂದ ಉಷ್ಣಾಂಶವೂ ಸಿಕ್ಕಿತು. ಗಂಟು ಬಿಚ್ಚಿತು.

2005ರ ಜನವರಿ 14ರಂದು ಹ್ಯೂಗೆನ್ಸ್ ಹೆಸರಿನದೇ ಶೋಧನೌಕೆ ಟೈಟನ್ ನೆಲಕ್ಕಿಳಿದು ಅಲ್ಲೇ ಅಳೆಯಿತು. ಒತ್ತಡ ಸುಮಾರು 1,46,700 ಪಾಸ್ಕಲ್, ಉಷ್ಣಾಂಶ 93.65 ಕೆಲ್ವಿನ್, ಅಂದ್ರೆ ಮೈನಸ್ 179 ಡಿಗ್ರಿ. ನೈಟ್ರೋಜನ್ ಮಾತ್ರ ಇದೆ ಅಂದುಕೊಂಡು 28 ಗ್ರಾಂ, ಅಂದ್ರೆ 0.028 ಕೆಜಿ ಹಾಕಿ. ಮೇಲೆ 4,108, ಕೆಳಗೆ 779. ಉತ್ತರ ಘನ ಮೀಟರ್‌ಗೆ ಸುಮಾರು 5.3 ಕೆಜಿ. ನಿಜದ ಅಂಕಿ ಇದಕ್ಕಿಂತ ಸ್ವಲ್ಪ ಜಾಸ್ತಿ, ಯಾಕಂದ್ರೆ ಅಷ್ಟು ಚಳಿಯಲ್ಲಿ ಅಣುಗಳು ಒಂದನ್ನೊಂದು ಎಳೆದುಕೊಂಡು ಇನ್ನಷ್ಟು ಒತ್ತಾಗುತ್ತವೆ.

40 ಡಿಗ್ರಿ ಬಿಸಿಲಿನಲ್ಲಿ ರಾಯಚೂರಿನ ಗಾಳಿ ಘನ ಮೀಟರ್‌ಗೆ ಸುಮಾರು 1.1 ಕೆಜಿ. ಟೈಟನ್‌ನಲ್ಲಿ ಒತ್ತಡ ಇಲ್ಲಿಗಿಂತ ಒಂದೂವರೆ ಪಟ್ಟು ಮಾತ್ರ, ಗಾಳಿ ಮಾತ್ರ ಸುಮಾರು ಐದು ಪಟ್ಟು ಭಾರ. ಉಳಿದದ್ದೆಲ್ಲ ಚಳಿಯ ಕೆಲಸ.