ಚಕ್ರ ತಿರುಗಿದ ಮಾತ್ರಕ್ಕೆ ಕಂಟ್ರೋಲರ್ ಸರಿಯಾಗಿ ಕೂತಿದೆ ಅಂತಲ್ಲ

ಎಲೆಕ್ಟ್ರಿಕ್ ಸೈಕಲ್‌ಗೆ ಹೊಸ ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೋಟಾರ್‌ಗೆ ಹದವಾಗಿ ಕೊಡುವ ಪೆಟ್ಟಿಗೆ) ಹಾಕುವವರಿಗೆ ವೋಲ್ಟೇಜ್ ಹೊಂದಿಸುವುದು, ಬ್ಯಾಟರಿ ಬಿಚ್ಚಿಟ್ಟು ಕೆಲಸ ಮಾಡುವುದು ನಾನು ಹೇಳಿಕೊಡಬೇಕಿಲ್ಲ. ನನ್ನ ತಕರಾರು ವೈರ್‌ಗಳ ಬಣ್ಣದ ಬಗ್ಗೆ.

ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ಸೇರಿಸಿ ಥ್ರಾಟಲ್ ತಿರುವುತ್ತಾರೆ. ಮೋಟಾರ್ ಮಾಡಿದವರು, ಕಂಟ್ರೋಲರ್ ಮಾಡಿದವರು ಬೇರೆ ಬೇರೆ. ಇಬ್ಬರೂ ಒಂದೇ ಬಣ್ಣಕ್ಕೆ ಒಂದೇ ಅರ್ಥ ಕೊಟ್ಟಿರಬೇಕು ಅಂತ ಎಲ್ಲೂ ಇಲ್ಲ. ಮೋಟಾರ್‌ಗೆ ಕರೆಂಟ್ ಒಯ್ಯುವ ಮೂರು ಫೇಸ್ ವೈರ್, ಮೋಟಾರ್ ಯಾವ ಸ್ಥಾನದಲ್ಲಿದೆ ಅಂತ ತಿಳಿಸುವ ಹಾಲ್ ಸೆನ್ಸರ್‌ನ ಮೂರು ಸಿಗ್ನಲ್ ವೈರ್ ಸೇರಿ 36 ಬಗೆಯಲ್ಲಿ ಜೋಡಿಸಬಹುದು. ಚಕ್ರದ ನಡುವೆಯೇ ಕೂರುವ ಸಾಮಾನ್ಯ ಹಬ್ ಮೋಟಾರ್‌ಗಳಲ್ಲಿ ಸರಿಯಾದವು 6. ಅದರಲ್ಲೂ 3 ಹಿಂದಕ್ಕೆ ಓಡಿಸುತ್ತವೆ. ಗೇರ್ ಇರುವ ಹಬ್ ಆದರೆ ಆಗ ಒಳಗೆ ಗುಂಯ್ ಅನ್ನುತ್ತದೆ, ಚಕ್ರ ಮಾತ್ರ ಕದಲುವುದಿಲ್ಲ.

"ತಿರುಗ್ತಾ ಇದೆಯಲ್ಲ ಸಾರ್, ಮತ್ತೇನು?" ಅಂತಾರೆ. ತಪ್ಪು ಜೋಡಣೆಯಲ್ಲೂ ಕೆಲವು ಸಲ ತಿರುಗುತ್ತದೆ, ಅಲ್ವಾ ಸಮಸ್ಯೆ! ಗರಗರ ಸದ್ದು, ನಡುಕ, ಕರೆಂಟ್ ಜಾಸ್ತಿ. ಮೇಲೆತ್ತಿದ ಚಕ್ರಕ್ಕೆ ಬ್ಯಾಟರಿಯಿಂದ ಸಾಮಾನ್ಯವಾಗಿ 1-2 ಆಂಪ್ ಸಾಕು. ಡಿಸಿ ಅಳೆಯುವ ಕ್ಲಾಂಪ್ ಮೀಟರ್‌ನಲ್ಲಿ ಅದಕ್ಕಿಂತ ತುಂಬಾ ಹೆಚ್ಚು ಕಂಡರೆ ಅಲ್ಲಿಗೇ ನಿಲ್ಲಿಸಿ. ಹಾಗೇ ರಸ್ತೆಗಿಳಿದರೆ ಕಂಟ್ರೋಲರ್ ಒಳಗಿನ ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಬಿಡಿಭಾಗ) ಸುಟ್ಟುಹೋಗಬಹುದು.

ಹಾಲ್ ವೈರ್ ಮುಟ್ಟದೆ ಫೇಸ್ ವೈರ್ ಮಾತ್ರ ಅದಲು ಬದಲು ಮಾಡಿ. ಇರುವುದೇ 6 ಬಗೆ, ಒಂದರಲ್ಲಿ ಮೆತ್ತಗೆ ಓಡುತ್ತದೆ. ಹಿಂದಕ್ಕೆ ಓಡಿದರೆ ಹಾಲ್ ಸಿಗ್ನಲ್ ಎರಡನ್ನು ಅದಲಿಸಿ ಮತ್ತೆ ಹುಡುಕಿ. ಥ್ರಾಟಲ್ ಸ್ವಲ್ಪವೇ, ಒಂದೆರಡು ಸೆಕೆಂಡ್ ಮಾತ್ರ. ಹಾಲ್ ಸೆನ್ಸರ್‌ಗೆ ಕರೆಂಟ್ ಕೊಡುವ ಕೆಂಪು, ಕಪ್ಪು ವೈರ್ ತಂಟೆಗೆ ಹೋಗಬೇಡಿ. ಅವು ತಿರುಗುಮುರುಗಾದರೆ ಸೆನ್ಸರ್ ಹೋಗಬಹುದು.

ಹೂ ಮಾರುವ ಅಣ್ಣ ಒಬ್ಬರು ಹೀಗೆ ಹೊಸ ಕಂಟ್ರೋಲರ್ ಒಂದನ್ನು ಸುಟ್ಟುಕೊಂಡು ಬಂದಿದ್ದರು. ಬುಟ್ಟಿ ಹೊತ್ತ ಸೈಕಲ್, ಬೆಳಗಿನ ವ್ಯಾಪಾರ ನಿಂತಿದೆ, ಬೈಯೋಕೂ ಮನಸ್ಸಾಗಲಿಲ್ಲ. ನೋಡಿದರೆ ಹಳೆಯದು ಚೆನ್ನಾಗೇ ಇತ್ತು! ಆಕ್ಸಲ್‌ನಿಂದ ಕೇಬಲ್ ಹೊರಬರುವ ಜಾಗದಲ್ಲಿ ಒಂದು ಹಾಲ್ ವೈರ್ ಒಳಗೇ ತುಂಡಾಗಿತ್ತು. ಸೈಕಲ್ ಆ ಕಡೆಗೆ ಬಿದ್ದರೆ ಹೀಗಾಗುವುದುಂಟು.

ಆದ್ದರಿಂದ ಹೊಸ ಕಂಟ್ರೋಲರ್‌ಗೆ ದುಡ್ಡು ಕೊಡುವ ಮುಂಚೆ ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ. ಬಿಗಿಯಾಗಿ ತಡೆತಡೆದು ತಿರುಗಿ, ಫೇಸ್ ವೈರ್ ಕಳಚಿದ ಕೂಡಲೇ ಸಡಿಲವಾದರೆ ಕಂಟ್ರೋಲರ್ ಮೇಲೆ ಅನುಮಾನ ಪಡಬಹುದು. ಕಳಚಿದ ತುದಿಗಳು ಒಂದಕ್ಕೊಂದು ತಾಗಿರಬಾರದು, ನೆನಪಿರಲಿ. ಮೊದಲಿನಿಂದಲೂ ಸಡಿಲವೇ ಇದ್ದರೆ ಸೈಕಲ್ ಆನ್ ಮಾಡಿ, ಚಕ್ರ ನಿಧಾನ ತಿರುಗಿಸುತ್ತಾ ಪ್ರತಿ ಹಾಲ್ ಸಿಗ್ನಲ್‌ಗೂ ಮೀಟರ್ ಹಿಡಿಯಿರಿ. 0 ಮತ್ತು ಸುಮಾರು 5 ವೋಲ್ಟ್ ನಡುವೆ ಜಿಗಿಯದ ವೈರ್ ಯಾವುದೋ, ಮೊದಲು ಅದರ ಕೇಬಲ್ ನೋಡಿ.